ಕಾಜವಿಲ್ಲದ ಗುಂಡಿಗಳು

ಗಂಡನ ಅಂಗಿಯ ಅಂಚು ಎರಡನೇ ಗುಂಡಿಯ ಕೆಳಗೆ ಒಂದಿಷ್ಟೇ ಎದ್ದಿದೆ, ಅಲ್ಲೇ ಒತ್ತಿದರೆ ಅಂಟುವ ವೆಲ್ಕ್ರೋ ಪಟ್ಟಿ ಸವೆದಿರುವುದು, ನಿನ್ನೆಯೇ ಬಿಚ್ಚಿ ಹೊಸದು ಹೊಲಿಯಬೇಕಿತ್ತು, ಹೊಲಿಯಲಿಲ್ಲ, ಈ ಥೆರಪಿಸ್ಟ್ ಹುಡುಗಿಯ ಕಣ್ಣಿಗೆ ಬೀಳದಿದ್ದರೆ ಸಾಕು—ಅಲ್ಲ, ಬೀಳಲಿ, ಬಿದ್ದರೇ ಒಳ್ಳೆಯದು, ತಾನು ಬಾಯಿ ಬಿಡುವುದು ತಪ್ಪುತ್ತದೆ. ಹುಡುಗಿ ಬಗ್ಗಿ ಅವರನ್ನು ಕೇಳುತ್ತಿದ್ದಾಳೆ, ಸ್ನಾನ ಯಾರು ಮಾಡಿಸ್ತಾರೆ, ನಾನೇ, ಅನ್ನುತ್ತಾರೆ ಅವರು, ಪ್ಯಾಂಟು, ಅದೂ ನಾನೇ—ಅಯ್ಯೋ ದೇವರೇ, ಪಾರ್ಶ್ವವಾಯು ಬಲಗೈಯನ್ನು ಪೂರ್ತಿ ತಿಂದಿತು, ಬಲಗಾಲನ್ನು ಅರ್ಧ ತಿಂದಿತು, ಈ ಜಂಬವನ್ನು ಮಾತ್ರ ಮೂಸಿ ನೋಡಿ ಬಿಟ್ಟು ಹೋಯಿತು. ದಿನಾ ಬೆಳಗ್ಗೆ ಈ ಪುನರ್ವಸತಿ ಕೇಂದ್ರದಿಂದ ಸಹಾಯಕ ಮನೆಗೆ ಬರುತ್ತಾನೆ, ದೊಡ್ಡ ಮೈಯ ಮೆಲುಮಾತಿನ ಗಂಡಸು, ಎಬ್ಬಿಸಿ, ಮೀಯಿಸಿ, ಪ್ಯಾಂಟು ಏರಿಸಿ ಕೂರಿಸುತ್ತಾನೆ, ಅವನಿದ್ದಾನೆಂಬ ಧೈರ್ಯದ ಮೇಲೆ ಅವಳು ಯೂನಿಫಾರಂ ಹೊಲಿಯುವ ಅಂಗಡಿಗೆ ಓಡುತ್ತಾಳೆ, ಮೊನ್ನೆ ಬಚ್ಚಲ ಹೊಸ್ತಿಲಲ್ಲಿ ಅವರ ಕಾಲು ಜಾರಿದಾಗ ಹಿಡಿದವನೂ ಅವನೇ, ಅವಳೊಬ್ಬಳೇ ಇದ್ದಿದ್ದರೆ ಇಬ್ಬರೂ ನೆಲಕ್ಕೆ. ಎಲ್ಲವನ್ನೂ ತಾವೇ ಮಾಡಿಕೊಳ್ಳುತ್ತಾರೆ ಎಂದು ಇವತ್ತು ತೀರ್ಮಾನವಾದರೆ ಅವನನ್ನು ಬೇರೆ ಮನೆಗೆ ಹಾಕುತ್ತಾರೆ, ಕಾದು ಕೂತವರು ಬೇಕಾದಷ್ಟು. ಗಂಡ ಫೇಲಾಗಲಿ ಎಂದು ಬೇಡಿಕೊಳ್ಳುವ ಹೆಂಡತಿ ಜಗತ್ತಿನಲ್ಲಿ ತಾನೊಬ್ಬಳೇ ಇರಬೇಕು.

ಅಂಗಿ ಬಿಚ್ಚಿ ಹಾಕಿಕೊಂಡು ತೋರಿಸಿ ಅಂದಿದ್ದಳು ಹುಡುಗಿ, ಅವರು ಗೋಡೆಯ ಕಡೆ ಅರ್ಧ ತಿರುಗಿದರು, ಪಾಪ ನಾಚಿಕೆ ಅಂದುಕೊಂಡಿತೇನೋ ಹುಡುಗಿ, ನಾಚಿಕೆಯೂ ಇಲ್ಲ ಮಣ್ಣೂ ಇಲ್ಲ, ಕಿಲಾಡಿತನ, ಎಡಗೈ ಹೆಬ್ಬೆರಳಿಂದ ಮೇಲಿಂದ ಕೆಳಗೆ ಒತ್ತಿಕೊಂಡು ಬಂದು ತಿರುಗಿ ಕೂತರು, ಗುಂಡಿಗಳೆಲ್ಲ ಸಾಲಾಗಿ ಜಾಗದಲ್ಲಿ. ಯಾರ ಕೈಚಳಕ ಅದು? ಗುಂಡಿ ತೂರುವ ಕಾಜಗಳನ್ನು ಹೊಲಿದು ಮುಚ್ಚಿದ್ದು ಅವಳು, ಗುಂಡಿಗಳನ್ನು ಮೇಲೆ ಸುಮ್ಮನೆ ಕೂರಿಸಿ ಒಳಗೆ ವೆಲ್ಕ್ರೋ ಕೊಟ್ಟದ್ದು ಅವಳು, ಮಾಡಿದ್ದುಣ್ಣೋ ಮಹರಾಯ. ಆದರೆ ಮಾಡದೆ ಹೇಗಿರುತ್ತಿದ್ದಳು, ಅವರು ಬಸ್ಸಿನ ಕಂಡಕ್ಟರು, ಬೆವರು ಹರಿದರೂ ಕತ್ತಿನ ಗುಂಡಿ ತೆಗೆದವರಲ್ಲ, ಡಿಪೋದಲ್ಲಿ ಕಾಲರ್ ಸಾಹೇಬ್ರು ಅಂತಲೇ ಹೆಸರು, ಮದುವೆಯಾದ ಹೊಸದರಲ್ಲಿ ಅಡುಗೆಮನೆಗೂ ಆಫೀಸಿಗೆ ಬಂದ ಹಾಗೆ ಬರುತ್ತಿದ್ದರು. ಅಂಥವರು ಆಸ್ಪತ್ರೆಯ ಮಂಚದ ಮೇಲೆ, ಅಂಗಿ ತೆರೆದುಕೊಂಡು, ಸುತ್ತ ಡಿಪೋದ ಸ್ನೇಹಿತರು, ಮಾತು ಹೊರಡದ ಬಾಯಿ, ಎಡಗೈ ಮಾತ್ರ ಅಂಗಿಯ ಅಂಚನ್ನು ಹುಡುಕುತ್ತಾ, ಸಿಗದೆ, ಮತ್ತೆ ಹುಡುಕುತ್ತಾ—ಆ ತೆರೆದ ಅಂಗಿ ಇವತ್ತಿಗೂ ಅವಳ ಕಣ್ಣಿಂದ ಹೋಗಿಲ್ಲ, ಮಿಷನ್ನಿನ ಮುಂದೆ ಕೂತರೂ ಅದೇ. ಈ ಅಂಗಿಯನ್ನು ಮೊದಲ ಸಲ ಹಾಕಿಕೊಂಡ ದಿನ, ಲೇ, ಯಾರಾದ್ರೂ ಕಂಡುಹಿಡೀಲಿ ನೋಡೋಣ, ಅಂತ ಅರ್ಧ ಬಾಯಲ್ಲಿ ನಕ್ಕರು, ಕಾಯಿಲೆ ಬಿದ್ದ ಮೇಲೆ ನಕ್ಕದ್ದು ಅದೇ ಮೊದಲು. ಆ ನಗು ಬೇಕು, ಆ ಸಹಾಯಕನೂ ಬೇಕು, ಹಾವೂ ಸಾಯಬಾರದು ಕೋಲೂ ಮುರಿಯಬಾರದು, ಎಲ್ಲಿ ಆಗುತ್ತದೆ.

ಬಹಳ ಸುಧಾರಿಸಿದ್ದಾರೆ ಅಮ್ಮಾ, ಇನ್ನು ಬೆಳಗ್ಗೆ ಸಹಾಯಕರು ಬೇಕಾಗಲ್ಲ ಅಲ್ವಾ? ಒಳ್ಳೆಯ ಹುಡುಗಿ, ಮನೆಯವರಿಗಿಂತ ಹೆಚ್ಚು ಸಂತೋಷಪಡುತ್ತಿದೆ, ಕೆಟ್ಟವಳಾಗಿದ್ದರೆ ಜಗಳವಾದರೂ ಆಡಬಹುದಿತ್ತು. ಅವರು ಅವಳನ್ನೇ ನೋಡುತ್ತಿದ್ದಾರೆ, ಹೇಳಬೇಡ ಅನ್ನುತ್ತಿರುವ ಕಣ್ಣು, ಬಾಯಲ್ಲಿ ಬಿಸಿ ತುಪ್ಪ, ನುಂಗಿದರೆ ನಾಳೆ ಬಚ್ಚಲಲ್ಲಿ ಬೀಳುತ್ತಾರೆ, ಉಗುಳಿದರೆ ಈಗಲೇ ಇಲ್ಲೇ, ಹುಡುಗಿಯನ್ನು ಹೊರಗೆ ಕರೆದು ಮೆಲ್ಲಗೆ ಹೇಳಲೇ, ಎಲ್ಲಿಯ ಹೊರಗೆ, ಆಗಲೇ ಕಂಪ್ಯೂಟರಿನ ಕಡೆ ತಿರುಗಿದಳು, ಬೆರಳು ಕೀಲಿಮಣೆಯ ಮೇಲಿದೆ, ಒತ್ತುತ್ತಾಳೆ, ಒತ್ತಿಬಿಡುತ್ತಾಳೆ—ಚರ್ರ್ ಅಂತ ಸದ್ದು, ಯಾರ ಕೈ ಇದು, ತನ್ನದೇ, ಅಂಗಿಯ ಅಂಚು ತನ್ನ ಮುಷ್ಟಿಯಲ್ಲಿದೆ, ಗುಂಡಿ ಅಲ್ಲ ಮೇಡಂ ಇದು, ಬರೀ ಒತ್ತೋದು, ಸ್ನಾನ, ಪ್ಯಾಂಟು, ಯಾವುದೂ ಅವರ ಕೈಲಾಗಲ್ಲ. ಎಷ್ಟು ಜೋರಾಗಿ ಹೇಳಿದಳೋ, ಹುಡುಗಿಯ ಮುಖ ಸಣ್ಣಗಾಗಿದೆ, ಸರಿ ಅಮ್ಮಾ, ಸಹಾಯಕರು ಮುಂಚಿನ ಹಾಗೇ ಬರ್ತಾರೆ, ಏನೂ ಬದಲಾಗಲ್ಲ. ಗೆದ್ದಾಯಿತು, ಹೊರಡಬಹುದು, ಏಳಿ ರೀ, ಮೊದಲು ಅಂಗಿ ಒತ್ತಿಕೊಳ್ಳಿ, ಅದು ನಿಮಗೆ ಬರುತ್ತೆ, ಅದೊಂದು ನಿಜವಾಗಿ ಬರುತ್ತೆ, ಒತ್ತಿಕೊಳ್ಳಿ—ಎಡಗೈ ತೊಡೆಯ ಮೇಲಿದೆ, ಏಳುವುದಿಲ್ಲ, ಅವಳೇ ಹಾಕಲಿ ಎಂದು ಶಾಲೆಗೆ ಹೊರಟ ಮಗುವಿನ ಹಾಗೆ ಗಲ್ಲ ಎತ್ತಿಕೊಟ್ಟು ಕೂತಿದ್ದಾರೆ, ತೆರೆದ ಅಂಗಿ, ಎತ್ತಿದ ಗಲ್ಲ, ತೆರೆದ ಅಂಗಿ