ಕುರ್ಚಿಯ ಮೇಲಿನ ಮಾತು

ಪೂರ್ವಾಳ ಹೊಸ ಪಾರ್ಲರಿನಲ್ಲಿ ತಲೆ ತೊಳೆಯುವ ಬೇಸಿನ್ ಎಲ್ಲಿರಬೇಕೆಂದು ಹೇಳಿದ್ದೂ ಪ್ರಫುಲ್ಲಕ್ಕನೇ. ನೀರಿನ ಪೈಪು ಹತ್ತಿರವಾಗುತ್ತದೆಂದು ಪೂರ್ವಾ ಅದನ್ನು ಬಾಗಿಲ ಪಕ್ಕದಲ್ಲೇ ಕೂರಿಸಲು ಹೊರಟಿದ್ದಳು. ಪ್ರಫುಲ್ಲಕ್ಕ ಖಾಲಿ ಮಳಿಗೆಯ ನಟ್ಟನಡುವೆ ನಿಂತು, ಮೊಣಕಾಲು ನೀವಿಕೊಳ್ಳುತ್ತಾ ಸುತ್ತಲೂ ಒಮ್ಮೆ ನೋಡಿದರು.

"ಅಲ್ಲ ಮಾರಾಯ್ತಿ, ಒದ್ದೆ ತಲೆ ಚಾಚಿಕೊಂಡು ಮಲಗಿದ ಹೆಂಗಸನ್ನು ರಸ್ತೆಯಲ್ಲಿ ಹೋಗುವವರೆಲ್ಲ ನೋಡ್ಬೇಕಾ? ಹಿಂದಿನ ಗೋಡೆಗೆ ಹಾಕ್ಸು" ಎಂದರು. ಆಮೇಲೆ ಪ್ಲಂಬರನಿಗೂ ಅದನ್ನೇ ಮರಾಠಿಯಲ್ಲಿ, ಸ್ವಲ್ಪ ಗದರಿಸಿಯೇ ಹೇಳಿದರು.

ಹನ್ನೊಂದು ವರ್ಷ ಕೈಹಿಡಿದು ಕೆಲಸ ಕಲಿಸಿದವರು ಹೀಗೆ ಮುಂದೆ ನಿಂತು ಎಲ್ಲ ಮಾಡಿಸುತ್ತಿದ್ದರೆ ಯಾರಿಗಾದರೂ ಸಂತೋಷವಾಗಬೇಕು. ಪೂರ್ವಾ ಮಾತ್ರ ಗೋಡೆಯ ಅಳತೆ ನೋಡುವ ನೆಪದಲ್ಲಿ ಮುಖ ತಿರುಗಿಸಿದಳು. ಆ ಮಳಿಗೆ ಪ್ರಫುಲ್ಲಕ್ಕನದಾಗಬೇಕಿತ್ತು. ಅದನ್ನು ತಪ್ಪಿಸಿದವಳು ಪೂರ್ವಾ. ಈ ಸಂಗತಿ ಅವಳೊಬ್ಬಳಿಗೇ ಗೊತ್ತಿತ್ತು.

ಪ್ರಫುಲ್ಲಕ್ಕ ಬ್ರಹ್ಮಾವರದ ಕಡೆಯವರು. ಗಂಡ ಸದಾನಂದರು ಪುಣೆಯ ವಾಕಡದ ಬಸ್‌ ಸ್ಟಾಪಿನ ಹಿಂದಿನ ರಸ್ತೆಯಲ್ಲಿ ಉಡುಪಿ ಹೋಟೆಲು ನಡೆಸುತ್ತಾರೆ. ಹೋಟೆಲಿನ ಮೇಲಿನ ಕೋಣೆಯೇ ಅಕ್ಕನ ಪಾರ್ಲರು. ಅಲ್ಲಿ ಫೇಶಿಯಲ್ ಮಾಡಿಸಿಕೊಂಡವರ ಮುಖಕ್ಕೆ ಗುಲಾಬಿ ನೀರಿನ ಜೊತೆ ಸಾಂಬಾರಿನ ಪರಿಮಳವೂ ಉಚಿತ. ತೊಂದರೆಯೆಲ್ಲ ಮೆಟ್ಟಿಲಿನದು. ಇಪ್ಪತ್ತೆರಡು ಮೆಟ್ಟಿಲು, ಕಡಿದಾದವು. ಮೊದಮೊದಲು ಓಡಿಕೊಂಡು ಹತ್ತುತ್ತಿದ್ದ ಗಿರಾಕಿಗಳು ಈಗ ಅಕ್ಕನ ಜೊತೆಗೇ ಮುದುಕಿಯರಾಗಿದ್ದರು. ರಂಗೂಬಾಯಿ ಎಂಬ ಎಪ್ಪತ್ತರ ಅಜ್ಜಿ ಪ್ರತಿ ಶುಕ್ರವಾರ ನಾಲ್ಕು ಗಂಟೆಗೆ ತಲೆಗೆ ಎಣ್ಣೆ ತಿಕ್ಕಿಸಿಕೊಳ್ಳಲು ಬಂದು, ನಡುವಿನ ತಿರುವಿನಲ್ಲಿ ಕೂತು ಉಸಿರು ಬಿಟ್ಟು, ಮತ್ತೆ ಎದ್ದು ಹತ್ತುತ್ತಿದ್ದರು. ಅಕ್ಕನ ಮೊಣಕಾಲೂ ಎರಡು ವರ್ಷದಿಂದ ಕೈಕೊಟ್ಟಿತ್ತು.

ಹಾಗಾಗಿ ರಸ್ತೆಯಾಚೆಯ ಮೂಲೆಯ ಮಳಿಗೆಯ ಮೇಲೆ ಅಕ್ಕನಿಗೆ ಕಣ್ಣಿತ್ತು. ರಸ್ತೆಯ ಮಟ್ಟಕ್ಕೇ ಬಾಗಿಲು, ಒಂದೂ ಮೆಟ್ಟಿಲಿಲ್ಲ. ಅಲ್ಲಿ ಔಷಧಿ ಅಂಗಡಿಯಿತ್ತು. ಮಾಲೀಕರು ಬೆಳಗಾವಿಯ ಬಿಂದುಮಾಧವರಾಯರು. ನಿವೃತ್ತ ಎಂಜಿನಿಯರು, ಬೆಳಗಿನ ಕಾಫಿಗೆ ಸದಾನಂದರ ಹೋಟೆಲನ್ನು ಒಂದು ದಿನವೂ ತಪ್ಪಿಸಿದವರಲ್ಲ. ಆರು ವರ್ಷದ ಹಿಂದೆ ಅವರು ಕಾಫಿ ಲೋಟ ಕೈಯಲ್ಲಿ ಹಿಡಿದುಕೊಂಡೇ, ಆ ಮಳಿಗೆ ಖಾಲಿಯಾದರೆ ಮೊದಲು ನಿಮ್ಮನ್ನೇ ಕೇಳುತ್ತೇನೆಂದು ಅಕ್ಕನಿಗೆ ಮಾತು ಕೊಟ್ಟಿದ್ದರು. ಕೇಳಿದರು ಕೂಡ. ಆ ಮಾತು ಬಂದು ಬಿದ್ದದ್ದು ಪೂರ್ವಾಳ ಕಿವಿಗೆ.

ಹುಬ್ಬು ತೀಡುವ ಕೆಲಸದಲ್ಲಿ ಒಂದು ವಿಶೇಷವಿದೆ. ಕುರ್ಚಿಯಲ್ಲಿ ಕೂತವಳ ಕಣ್ಣು ಮುಚ್ಚಿರುತ್ತದೆ. ತೀಡುವವಳ ಹಲ್ಲಿನಲ್ಲಿ ದಾರದ ತುದಿ ಇರುತ್ತದೆ. ಕೂತವಳಿಗೆ ಎದುರಿನವರ ಮುಖ ಕಾಣುವುದಿಲ್ಲ, ನಿಂತವಳಿಗೆ ಬಾಯಿ ತೆರೆಯಲಾಗುವುದಿಲ್ಲ. ಇಷ್ಟು ಅನುಕೂಲ ಸಿಕ್ಕರೆ ಹೆಂಗಸರು ಗಂಡನಿಗೆ ಹೇಳದ್ದನ್ನೂ ಹೇಳಿಬಿಡುತ್ತಾರೆ. ಪೂರ್ವಾ ಕೆಲಸಕ್ಕೆ ಸೇರಿದ ದಿನವೇ ಅಕ್ಕ ಅವಳಿಗೆ ದಾರ ಹಿಡಿಯುವುದಕ್ಕಿಂತ ಮೊದಲು ಇದನ್ನು ಕಲಿಸಿದ್ದರು: ಕುರ್ಚಿಯ ಮೇಲೆ ಕೇಳಿದ್ದನ್ನು ಕುರ್ಚಿಯ ಮೇಲೇ ಬಿಡಬೇಕು, ಮೆಟ್ಟಿಲು ಇಳಿಸಬಾರದು.

ಫೆಬ್ರವರಿಯಲ್ಲಿ ಅಕ್ಕ ಗಂಡನನ್ನೂ ಕರೆದುಕೊಂಡು ಅಣ್ಣನ ಮಗಳ ಮದುವೆಗೆಂದು ಹದಿನೈದು ದಿನ ಊರಿಗೆ ಹೋಗಿದ್ದರು. ಆಗ ರಾಯರ ಸೊಸೆ ಜ್ಯೋತ್ಸ್ನಾ ಹುಬ್ಬು ಮಾಡಿಸಲು ಬಂದಳು. ರಾಯರು ಹಳೆಯ ಕಾಲದ ಮನುಷ್ಯ. ಪರರ ಮನೆಯ ಹೆಂಗಸಿಗೆ ತಾವಾಗಿ ಫೋನು ಮಾಡುವುದು ಮರ್ಯಾದೆಯಲ್ಲವೆಂದು ನಂಬಿದವರು. ಹೇಳಬೇಕಾದ್ದನ್ನೆಲ್ಲ ಸೊಸೆಯ ಕೈಲೇ ಹೇಳಿ ಕಳಿಸುತ್ತಿದ್ದರು. ಸೊಸೆಯೋ, ಕೆಲಸ ಇನ್ನೊಬ್ಬರಿಗೆ ದಾಟಿಸುವುದರಲ್ಲಿ ಬಲು ಚುರುಕು.

"ಔಷಧಿ ಅಂಗಡಿಯವ್ರು ಮಳಿಗಿ ಬಿಡ್ಲಿಕ್ಕತ್ತಾರ್ರಿ" ಎಂದಳು ಜ್ಯೋತ್ಸ್ನಾ ಕಣ್ಣು ಮುಚ್ಚಿಕೊಂಡೇ. "ಮೊದಲ ಪ್ರಫುಲ್ಲಾ ಅವ್ರಿಗೆ ಕೇಳ್ರಿ, ಸೋಮವಾರದೊಳಗ ಹೂಂ ಅಂದ್ರ ಅವ್ರಿಗೇ ಕೊಡೂಣು ಅಂತ ಮಾವನವ್ರು ಹೇಳ್ಯಾರ. ನೀವು ದಿನಾ ಫೋನಿನ್ಯಾಗ ಮಾತಾಡ್ತೀರಲ್ಲ, ಹೇಳಿಬಿಡ್ರಿ."

ಪೂರ್ವಾಳ ಹಲ್ಲಿನಲ್ಲಿ ದಾರವಿತ್ತು. ಅವಳು "ಹೂಂ" ಎಂದಳು.

ಆ ಸಂಜೆ ಅಕ್ಕನೇ ಫೋನು ಮಾಡಿದರು. ಸ್ಟೀಮರ್ ರಿಪೇರಿಯಾಯಿತೇ, ಮೇಣ ತೀರಿತೇ ಎಂದೆಲ್ಲ ಕೇಳಿ, ಮದುವೆಮನೆಯ ಗದ್ದಲದಲ್ಲಿ ಹತ್ತು ನಿಮಿಷ ಮಾತಾಡಿದರು. ಪೂರ್ವಾ ಎಲ್ಲವನ್ನೂ ಹೇಳಿದಳು, ಅದೊಂದನ್ನು ಬಿಟ್ಟು. ನಾಳೆ ಹೇಳಿದರಾಯಿತು ಎಂದುಕೊಂಡಳು. ಆ ನಾಳೆ ಎಂಬುದು ಎಂಥ ಮೋಸಗಾರ ದಿನವೆಂದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ನಾಲ್ಕು ದಿನ ಅವಳು ಪಾರ್ಲರಿನ ಕಿಟಕಿಯಿಂದ ಆ ಮಳಿಗೆಯನ್ನೇ ನೋಡಿದಳು. ಮೂವತ್ತೆಂಟು ವರ್ಷ ವಯಸ್ಸು, ಹನ್ನೊಂದು ವರ್ಷದ ಅನುಭವ, ಚಾಕಣದ ಕಾರ್ಖಾನೆಯಲ್ಲಿ ಪಾಳಿ ಮಾಡುವ ಗಂಡ ಸುಹಾಸ, ಮತ್ತು ಔಷಧಿ ಅಂಗಡಿಯವರು ಆಗಲೇ ಬೋರ್ಡು ಇಳಿಸಿದ್ದ ಒಂದು ಖಾಲಿ ಗೋಡೆ. ಆ ಗೋಡೆಯ ಮೇಲೆ ತನ್ನ ಹೆಸರನ್ನು ಮೊದಲು ತಮಾಷೆಗೆಂದು ಓದಿಕೊಂಡಳು. ಎರಡನೆಯ ಸಲ ತಮಾಷೆಯಿರಲಿಲ್ಲ.

ಸೋಮವಾರ ಜ್ಯೋತ್ಸ್ನಾಳ ಫೋನು ಬಂತು. ಏನಂದರು ಎಂದು ಕೇಳಿದಳು.

"ಅಕ್ಕಾರು ಬ್ಯಾಡಂದ್ರು" ಎಂದಳು ಪೂರ್ವಾ. "ಮೊಣಕಾಲು ಭಾಳ ನೋಯ್ತಾವ, ಇನ್ನ ಹೊಸಾದು ಸುರು ಮಾಡೂದು ಆಗೂದಿಲ್ಲ ಅಂದ್ರು."

ಇಷ್ಟು ಸಲೀಸಾಗಿ ಬಂದ ಸುಳ್ಳಿಗೆ ಅವಳೇ ಬೆಚ್ಚಿದಳು. ಹಾಗಾದರೆ ನೀವೇ ಏಕೆ ಹಿಡಿಯಬಾರದು ಎಂದು ಜ್ಯೋತ್ಸ್ನಾ ಕೇಳಿದಾಗ ಮಾತ್ರ ಬೆಚ್ಚಿದಂತೆ ನಟಿಸಿದಳು. ಸುಹಾಸ ಪಿ.ಎಫ್.ನಿಂದ ದುಡ್ಡು ತೆಗೆದ. ಐದು ವರ್ಷದ ಲೀಸಿನ ಕರಾರು ನೋಂದಣಿಯಾಯಿತು. ಕಚೇರಿಯಲ್ಲಿ ಹೆಬ್ಬೆಟ್ಟಿನ ಗುರುತು ಕೊಡುವಾಗ ಯಂತ್ರ ಅವಳ ಬೆರಳನ್ನು ಎರಡು ಸಲ ಒಪ್ಪಲಿಲ್ಲ. ದಾರ ತಿರುವಿ ತಿರುವಿ ಗೆರೆ ಸವೆದಿದೆಯೆಂದು ಅಲ್ಲಿಯವ ನಕ್ಕ. ಅವಳಿಗೆ ನಗು ಬರಲಿಲ್ಲ.

ಅಕ್ಕ ಊರಿನಿಂದ ಬಂದ ದಿನ ಸುದ್ದಿ ಕೇಳಿ ಕಿಟಕಿಯ ಹತ್ತಿರ ಹೋಗಿ ಆ ಮಳಿಗೆಯತ್ತ ನೋಡಿದರು. ಬೈಯುತ್ತಾರೆಂದು ಪೂರ್ವಾ ಕಾದಳು. ಬೈದಿದ್ದರೆ ಎಲ್ಲವನ್ನೂ ಆಗಲೇ ಒಪ್ಪಿಕೊಂಡುಬಿಡುತ್ತಿದ್ದಳೇನೋ.

"ರಾಯರು ನಂಗೆ ಮಾತು ಕೊಟ್ಟಿದ್ರು" ಎಂದರು ಅಕ್ಕ. "ಕಡೆಗೆ ತಮ್ಮ ಕಡೆಯವರಿಗೇ ಕೊಟ್ರು ನೋಡು. ಇರ್ಲಿ. ಯಾರಿಗೋ ಹೋಗುವ ಬದಲು ನಿಂಗಾಯ್ತಲ್ಲ."

ಪುಣೆಯ ಕನ್ನಡದವರಿಗೆ ಇದೊಂದು ಹಳೆಯ ರೋಗ. ಮರಾಠಿಯವರ ಮುಂದೆ ಎಲ್ಲರೂ ಒಂದೇ. ತಮ್ಮತಮ್ಮೊಳಗೆ ಬಂದರೆ ಇವರು ಕರಾವಳಿ, ಅವರು ಧಾರವಾಡ-ಬೆಳಗಾವಿ. ಏನೇ ಕೈತಪ್ಪಿದರೂ ಆ ಕಡೆಯವರು ತಮ್ಮವರಿಗೆ ಮಾಡಿಕೊಂಡರು ಎಂಬ ಉತ್ತರ ಸಿದ್ಧವಾಗಿರುತ್ತದೆ. ಪೂರ್ವಾ ಧಾರವಾಡದವಳು, ರಾಯರು ಬೆಳಗಾವಿಯವರು. ಅಕ್ಕನಿಗೆ ಇನ್ನು ವಿಚಾರಿಸುವುದು ಏನೂ ಉಳಿಯಲಿಲ್ಲ. ರಾಯರನ್ನು ಕೇಳಿ ತಾನು ಸಣ್ಣವಳಾಗುವುದಿಲ್ಲ ಎಂದರು. ಮರುದಿನದಿಂದ ಕಾಫಿಗೆ ಬಂದ ರಾಯರ ನಮಸ್ಕಾರಕ್ಕೆ ಬೆಳಗಿನ ಹೊತ್ತು ಹೋಟೆಲಿನ ಗಲ್ಲಾದಲ್ಲಿ ಕೂರುವ ಅಕ್ಕ ಚಿಲ್ಲರೆ ಎಣಿಸುತ್ತಾ ಮುಖ ತಿರುಗಿಸತೊಡಗಿದರು.

ಅಕ್ಕನ ಈ ತಪ್ಪು ತಿಳುವಳಿಕೆ ಪೂರ್ವಾಳಿಗೆ ಗೋಡೆಯಂತೆ ಆಸರೆಯಾಯಿತು. ಅದರ ಹಿಂದೆ ಅವಳು ಎರಡು ತಿಂಗಳು ಅಡಗಿ ಕೂತಳು. ಅಷ್ಟರಲ್ಲಿ ಟೈಲ್ಸ್ ಬಂತು, ಕನ್ನಡಿ ಬಂತು. ಕನ್ನಡಿಯ ಮೇಲೆ ಹಳದಿ ದೀಪ ಹಾಕಿಸಬೇಡ, ಮದುಮಗಳ ಮುಖದ ಬಣ್ಣ ತಪ್ಪಾಗಿ ಕಾಣುತ್ತದೆ ಎಂದು ಅಕ್ಕ ಹೇಳಿಕೊಟ್ಟರು. ತಮ್ಮ ಬಳಿಯಿದ್ದ, ಒರಗಿಕೊಳ್ಳುವ ಎರಡು ಹಳೆಯ ಕುರ್ಚಿಗಳಲ್ಲಿ ಒಂದಕ್ಕೆ ಹೊಸ ರೆಕ್ಸಿನ್ ಹಾಕಿಸಿ, ಹೋಟೆಲಿನ ಇಬ್ಬರು ಮಾಣಿಗಳ ಕೈಲಿ ಹೊರಿಸಿ ಕಳಿಸಿದರು. ಅಕ್ಕ ಕೊಟ್ಟ ಒಂದೊಂದು ಸಲಹೆಯೂ ಪೂರ್ವಾಳಿಗೆ ಕೆನ್ನೆಗೆ ಹೊಡೆದಂತಿತ್ತು. ಅವಳು ಊಟ ಬಿಟ್ಟಳು. ಖರ್ಚಿನ ಚಿಂತೆಯಿರಬೇಕೆಂದು ಸುಹಾಸ ಸಮಾಧಾನ ಹೇಳಿದ.

ಉದ್ಘಾಟನೆ ಶನಿವಾರ ಬೆಳಿಗ್ಗೆ. ದೀಪ ಹಚ್ಚುವವರು ಅಕ್ಕ. ರಾಯರನ್ನು ಸಂಜೆಗೆ ಕರೆದು ಇಬ್ಬರನ್ನೂ ಬೇರೆಬೇರೆ ಇಡಬಹುದೆಂದು ಪೂರ್ವಾ ಲೆಕ್ಕ ಹಾಕಿದ್ದಳು. ಗುರುವಾರ ರಾಯರು ತಾವೇ ಮಳಿಗೆಗೆ ಬಂದು, ಬೆಳಿಗ್ಗೆಯೇ ಬರುತ್ತೇನೆಂದರು. ಮುದುಕರ ಮುಖ ಬಾಡಿತ್ತು. ಪ್ರಫುಲ್ಲಾ ಅವರು ತನ್ನ ಜೊತೆ ಮಾತು ಬಿಟ್ಟಿದ್ದಾರೆ, ತನ್ನಿಂದ ಏನು ತಪ್ಪಾಯಿತೋ ತಿಳಿಯದು, ಶನಿವಾರ ಎಲ್ಲರೂ ಸೇರಿದಾಗ ನೇರವಾಗಿಯೇ ಕೇಳಿ ಕೈಮುಗಿದುಬಿಡುತ್ತೇನೆ ಎಂದರು.

ಪೂರ್ವಾ ಅವರನ್ನು ಬಾಗಿಲ ತನಕ ಬಿಟ್ಟು ಬಂದಳು. ಸಿಕ್ಕಿಬೀಳುವ ಭಯ ಇದ್ದೇ ಇತ್ತು. ಆದರೆ ಅದಕ್ಕಿಂತ ಹೆಚ್ಚಾಗಿ, ಏನೂ ಮಾಡದ ಒಬ್ಬ ಮುದುಕರು ತನ್ನ ಸುಳ್ಳಿಗಾಗಿ ಕೈಮುಗಿಯುತ್ತಾರೆಂಬುದನ್ನು ಅವಳಿಂದ ತಡೆದುಕೊಳ್ಳಲಾಗಲಿಲ್ಲ.

ಶುಕ್ರವಾರ ಮಧ್ಯಾಹ್ನ ಅಕ್ಕ ಅವಳನ್ನು ಕರೆಸಿದರು. ನಾಳೆ ನಾಲ್ಕು ಜನರೆದುರು ಈ ಹುಬ್ಬು ಇಟ್ಟುಕೊಂಡು ನಿಲ್ಲುತ್ತೀಯಾ ಎಂದು ಗದರಿಸಿ ಕುರ್ಚಿಯಲ್ಲಿ ಕೂರಿಸಿದರು. ತನ್ನ ಹುಬ್ಬನ್ನು ತಾನೇ ತೀಡಿಕೊಳ್ಳುವುದು ಕಷ್ಟ. ಹನ್ನೊಂದು ವರ್ಷದಿಂದ ಇವಳದನ್ನು ಅವರು, ಅವರದನ್ನು ಇವಳು ಮಾಡುವುದು ರೂಢಿ. ಮೊದಲ ತಿಂಗಳು ಪೂರ್ವಾ ದುಡ್ಡು ಕೊಡಲು ಹೋದಾಗ, ಮನೆಯವರಿಂದ ಯಾರಾದರೂ ದುಡ್ಡು ತಗೊಳ್ತಾರಾ ಎಂದು ಅಕ್ಕ ಸಿಟ್ಟಾಗಿದ್ದರು.

ಪೂರ್ವಾ ಕಣ್ಣು ಮುಚ್ಚಿದಳು. ಅಕ್ಕ ಹಲ್ಲಿನಲ್ಲಿ ದಾರ ಕಚ್ಚಿ ಬಲಹುಬ್ಬು ಮುಗಿಸಿ, ಎಡಕ್ಕೆ ಬಂದರು. ಈಗ ಅಕ್ಕನ ಮುಖ ಕಾಣುವುದಿಲ್ಲ, ಅಕ್ಕ ಮಾತಾಡುವಂತಿಲ್ಲ. ಹೇಳುವುದಾದರೆ ಈಗಲೇ.

"ಅಕ್ಕಾ, ರಾಯರು ಮಾತು ತಪ್ಪಿಲ್ರಿ" ಎಂದಳು. "ಮೊದಲ ನಿಮ್ಮನ್ನೇ ಕೇಳಿದ್ರು. ಜ್ಯೋತ್ಸ್ನಾ ನನ್ನ ಕೈಲೆ ಹೇಳಿ ಕಳಿಸಿದ್ಲು. ನಾ ನಿಮಗ ಹೇಳ್ಲಿಲ್ಲ. ನೀವು ಬ್ಯಾಡಂದ್ರಿ ಅಂತ ನಾನ ಅವ್ರಿಗೆ ಹೇಳಿದ್ನಿ."

ದಾರ ನಿಂತಿತು. ಕೆಳಗೆ ಹೋಟೆಲಿನಲ್ಲಿ ಯಾರೋ ಲೋಟಗಳನ್ನು ತೊಟ್ಟಿಗೆ ಸುರಿದ ಸದ್ದಾಯಿತು. ಪೂರ್ವಾ ಕಣ್ಣು ತೆರೆಯಲಿಲ್ಲ. ಅಕ್ಕ ಹಲ್ಲಿನಿಂದ ದಾರ ಬಿಡಿಸಿಕೊಂಡದ್ದು ತಿಳಿಯಿತು.

"ಬೇಡ ಅನ್ಲಿಕ್ಕೆ ಕಾರಣ ಏನು ಹೇಳಿದೆ?" ಎಂದರು.

ಈ ಪ್ರಶ್ನೆಯೊಂದನ್ನು ಅವಳು ಎಣಿಸಿರಲಿಲ್ಲ. "ಮೊಣಕಾಲು ನೋಯ್ತಾವ ಅಂತ."

ಪೂರ್ವಾಳಿಗೆ ಅಳು ಉಕ್ಕಿ ಬಂತು. ಮಳಿಗೆಯನ್ನು ನೀವೇ ತೆಗೆದುಕೊಳ್ಳಿ, ಕರಾರನ್ನು ನಿಮ್ಮ ಹೆಸರಿಗೆ ಬದಲಿಸುತ್ತೇನೆ, ನಾನು ಮೊದಲಿನಂತೆ ನಿಮ್ಮ ಕೈಕೆಳಗೇ ಇರುತ್ತೇನೆ ಎಂದು ಬಡಬಡಿಸಿದಳು. ಹೇಳುವಾಗ ನಿಜವಾಗಿಯೂ ಹಾಗೆ ಮಾಡುವ ಮನಸ್ಸಿತ್ತು.

"ಕಣ್ಣು ಒರಸ್ಕೋ. ನೀರು ಬಂದ್ರೆ ದಾರ ಹಿಡಿಯುವುದಿಲ್ಲ" ಎಂದರು ಅಕ್ಕ. "ಎಡಗಡೆಯದ್ದು ಅರ್ಧ ಆಗಿದೆ."

ಎಡಹುಬ್ಬನ್ನೂ ಅವರು ಮುಗಿಸಿದರು. ಒಂದು ಕೂದಲೂ ಹೆಚ್ಚು ಹೋಗಲಿಲ್ಲ. ಪೌಡರ್ ಹಚ್ಚಿ, ಬ್ರಶ್ಶಿನಿಂದ ಝಾಡಿಸಿ, ಕೈಗನ್ನಡಿ ಹಿಡಿದು ತೋರಿಸಿದರು. ಎರಡೂ ಹುಬ್ಬು ಒಂದೇ ಸಮ ಇದ್ದವು. ಅವುಗಳ ಕೆಳಗಿನ ಕಣ್ಣುಗಳನ್ನು ಪೂರ್ವಾ ನೋಡಲಿಲ್ಲ.

ಅವಳು ಕುರ್ಚಿಯಿಂದ ಇಳಿದು ಕಾಲಿಗೆ ಬೀಳಲು ಬಗ್ಗುವಷ್ಟರಲ್ಲಿ ಅಕ್ಕ ಮೇಜಿನ ಆಚೆ ಹೋಗಿ ಡ್ರಾಯರ್ ಎಳೆದಿದ್ದರು.

"ಕುರ್ಚಿಯ ಮೇಲೆ ಹೇಳಿದ್ದು ಇಲ್ಲೇ ಇರ್ತದೆ. ನಾನು ಯಾರಿಗೂ ಹೇಳುವುದಿಲ್ಲ. ರಾಯರ ಹತ್ರ ನಾಳೆ ಬೆಳಿಗ್ಗೆ ಕಾಫಿಗೆ ಬಂದಾಗ ನಾನೇ ಮಾತಾಡ್ತೇನೆ, ನೀನು ಹೆದರ್ಬೇಡ" ಎಂದರು. ಆಮೇಲೆ, ದರಪಟ್ಟಿಯ ಬೋರ್ಡಿನಲ್ಲಿ ಬರೆದದ್ದನ್ನು ಓದುವವರ ದನಿಯಲ್ಲಿ ಹೇಳಿದರು: "ಐವತ್ತು ರೂಪಾಯಿ."

ಪೂರ್ವಾಳಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಪರ್ಸಿನಿಂದ ನೂರರ ನೋಟು ತೆಗೆದು ಕೊಟ್ಟಳು. ಅಕ್ಕ ಐವತ್ತನ್ನು ಎಣಿಸಿ ಅವಳ ಅಂಗೈಗೆ ಹಾಕಿದರು. ನಾಳೆ ದೀಪ ಹಚ್ಚಲು ಬರುತ್ತೀರಾ ಎಂದು ಕೇಳುವ ಧೈರ್ಯ ಅವಳಿಗೆ ಬರಲಿಲ್ಲ.

ಅರ್ಧದಷ್ಟು ಮೆಟ್ಟಿಲು ಇಳಿದಾಗ ತಿರುವಿನಲ್ಲಿ ರಂಗೂಬಾಯಿ ಕೂತಿದ್ದರು. ಶುಕ್ರವಾರ, ನಾಲ್ಕು ಗಂಟೆ. ಅಜ್ಜಿ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಾ ಅವಳನ್ನು ನೋಡಿ ನಕ್ಕು, ಎಬ್ಬಿಸಲೆಂದು ಕೈ ಚಾಚಿದರು.

"ಕೆಳಗ ಒಂದು ಮಳಿಗಿ ಹಿಡಿಯವಾ ಅಂತ ಪ್ರಫುಲ್ಲಾಗ ಎಷ್ಟ್ ಸಲ ಹೇಳೀನಿ" ಎಂದರು. "ಹಿಡೀಬೇಕಂತ ಆಕಿ ಮನಸ್ನ್ಯಾಗೂ ಅದ. ಯಾವಾಗ ಹಿಡೀತಾಳೋ ಏನೋ."

ಪೂರ್ವಾ ಐವತ್ತರ ನೋಟನ್ನು ಎಡಗೈಯಲ್ಲಿ ಮುದುರಿ ಹಿಡಿದು, ಬಲಗೈಯಿಂದ ಅಜ್ಜಿಯನ್ನು ಎಬ್ಬಿಸಿದಳು. ಒಂದೊಂದೇ ಮೆಟ್ಟಿಲಿಗೆ ನಿಂತು ನಿಂತು ಹತ್ತಿಸಿದಳು. ಮೇಲಿನ ಬಾಗಿಲಲ್ಲಿ ಅಕ್ಕ ಮೊಣಕಾಲಿನ ಮೇಲೆ ಒಂದು ಕೈಯಿಟ್ಟುಕೊಂಡು ಕಾಯುತ್ತಿದ್ದರು. ಅವಳ ಕೈಯಿಂದ ಅಜ್ಜಿಯ ಕೈಯನ್ನು ಬಿಡಿಸಿಕೊಂಡರು.

"ಸಾಕು. ನೀವು ಹೋಗಿ, ಇನ್ನು ನಾನು ನೋಡ್ಕೊಳ್ತೇನೆ" ಎಂದು ಪೂರ್ವಾಳಿಗೆ ಹೇಳಿ, ಅಜ್ಜಿಯನ್ನು ಒಳಗೆ ಕರೆದುಕೊಂಡು ಹೋದರು.