ಉಗುಳಲಾಗದ ವೈನು

ಜೆಲಿ ವೇಸ್ ತನ್ನ ಜನ್ಮದಲ್ಲಿ ಗಾಜಿನ ಲೋಟದಿಂದ ವೈನು ಕುಡಿದವಳಲ್ಲ. ಊಟದ ಕೊನೆಯಲ್ಲಿ ಬೋಗುಣಿಯ ತಳದಲ್ಲಿ ಎರಡು ಗುಟುಕು ಬಿಸಿ ಸೂಪು ಉಳಿದಿರುವಾಗ, ಅದರ ಮೇಲೆ ತನ್ನ ದ್ರಾಕ್ಷಿತೋಟದ ಕೆಂಪು ವೈನನ್ನು ಧಾರಾಳವಾಗಿ ಸುರಿದು, ಎರಡೂ ಕೈಗಳಲ್ಲಿ ಎತ್ತಿ, ಮುಖವೆಲ್ಲ ಮುಳುಗುವಂತೆ ಕುಡಿದು, ತುಟಿ ಒರಸಿಕೊಂಡು, ಎದುರಿಗಿದ್ದವರನ್ನು ದಿಟ್ಟಿಸಿ ‘ಏನೀಗ?’ ಎನ್ನುವಳು. ಅವಳ ಮಾತಿನ ಆದಿಯೂ ಅದೇ, ಅಂತ್ಯವೂ ಅದೇ. ಆವೆರೋನ್ ಸೀಮೆಯ ನಮ್ಮ ಕಣಿವೆಯಲ್ಲಿ ಹಾಗೆ ಕುಡಿಯುವುದಕ್ಕೆ ಶಾಬ್ರೊ ಎನ್ನುತ್ತಾರೆ. ಉಳಿದ ಮುದುಕರು ಮನೆಯೊಳಗೆ ಮಾಡುವರು; ಜೆಲಿಯಮ್ಮ ಪಾದ್ರಿಗಳ ಎದುರಿಗೂ ಮಾಡುವಳು.

ಅವಳ ಮನೆಗೆ ಗೋಡೆ ತಾಗಿದ ಮನೆಯಲ್ಲಿ ಬಹುಕಾಲ ಬಾಳಿದವನು ನಾನು. ಹೆಜ್ಜೆಯ ಸದ್ದಿನಲ್ಲೇ ಅವಳನ್ನು ಗುರುತಿಸಬಲ್ಲೆ. ಕಡಿದಾದ ಮೆಟ್ಟಿಲುತೋಟವನ್ನು ಅಡ್ಡಡ್ಡವಾಗಿ ಹತ್ತಿಳಿದ ಆ ಕಾಲುಗಳು ಸಪಾಟು ಬೀದಿಯಲ್ಲೂ ಏಡಿಯಂತೆ ಅಡ್ಡವಾಗಿಯೇ ಸಾಗುತ್ತಿದ್ದವು. ಮೈಮೇಲೆ ಸದಾ, ಅಂಚೆಯವನಾಗಿದ್ದು ತೀರಿಹೋದ ಗಂಡನ ನೀಲಿ ಕೋಟು. ಗುಂಡಿ ಉದುರಿದಲ್ಲೆಲ್ಲ ಬಳ್ಳಿ ಕಟ್ಟುವ ನಾರುಕಡ್ಡಿಯನ್ನೇ ಬಿಗಿದುಕೊಳ್ಳುತ್ತಿದ್ದಳು.

ಬಾಟಲಿಯ ಮೇಲೆ ಕಣಿವೆಯ ಹೆಸರು ಹಾಕಬೇಕಾದರೆ ವರ್ಷವರ್ಷವೂ ರುಚಿಮಂಡಳಿಯವರು ಸವಿದು ನೋಡಿ ಒಪ್ಪಬೇಕು; ಹೆಸರಿಲ್ಲದ ವೈನನ್ನು ಪೇಟೆಯ ಅಂಗಡಿಯವರು ಕಪಾಟಿಗೂ ಸೇರಿಸುವುದಿಲ್ಲ. ಆ ವರ್ಷ ಜೆಲಿಯಮ್ಮನ ವೈನು ನಪಾಸಾಯಿತು. ಸುದ್ದಿ ತಂದವನು ಅವಳ ತಮ್ಮನ ಮಗ ರೆಜಿಸ್. ಮಂಡಳಿಯಲ್ಲಿ ಅವನೂ ಒಬ್ಬ. ಪಾಪ, ಟೋಪಿ ತಿರುವುತ್ತ ಹೊಸ್ತಿಲಲ್ಲೇ ನಿಂತ.

“ಒರಟು ಅಂತಾರೆ ಅತ್ತೆ. ಕಬ್ಬಿಣದ ವಾಸನೆಯಂತೆ. ಒಂಚೂರು ಮೆರ್ಲೋ ದ್ರಾಕ್ಷಿಯದ್ದು ಬೆರೆಸಿಬಿಡು, ಮೆತ್ತಗಾಗುತ್ತೆ. ಇನ್ನೊಂದ್ಸಲ ನೋಡ್ತಾರಂತೆ.”

“ನಿಮ್ಮಜ್ಜ ನೆಟ್ಟ ಬಳ್ಳಿ ಕಣೋ ಅದು! ಮಣ್ಣೇ ತುಕ್ಕು ಹಿಡಿದಂಗೆ ಕೆಂಪಗಿರುವಾಗ ವೈನೇನು ಗುಲಾಬಿ ಥರ ಘಮಘಮ ಅನ್ನುತ್ತಾ? ನೀನು ಕುಡಿದೆಯೋ, ಉಗುಳಿದೆಯೋ?”

“ಹತ್ತಾರು ವೈನು ನೋಡ್ಬೇಕಲ್ಲ, ಬಾಯಾಡಿಸಿ ಎಲ್ರೂ ಉಗುಳ್ತಾರೆ ಅತ್ತೆ. ನಿಯಮ.”

“ಉಗುಳಿದ ಬಾಯಿಗೆ ರುಚಿ ಏನು ಗೊತ್ತೋ, ಮಂಕೇ!”

ಎರಡನೆಯ ಪರೀಕ್ಷೆಯ ದಿನ ಅವಳು ಹೊಗೆಯಾಡುವ ಸೂಪಿನ ಹಂಡೆಯನ್ನು ಸೊಂಟಕ್ಕೇರಿಸಿಕೊಂಡು ಮಂಡಳಿಯ ಕೋಣೆಗೆ ಅಡ್ಡಡ್ಡವಾಗಿ ಒಳಬಂದಳು. ಮಂಡಳಿಯ ಹಿರಿಯ ತೆಸ್ಸೆದ್ರ್ ಹೌಹಾರಿದ.

“ಇದೇನು ಜೆಲಿಯಮ್ಮ, ಇದು ಪರೀಕ್ಷೆ ನಡೆಯೋ ಜಾಗ, ಅಡುಗೆಮನೆಯಲ್ಲ!”

“ಏನೀಗ? ಹಸಿದವರಿಗೆ ನಾಲಗೆ ನೆಟ್ಟಗಿರುತ್ತಾ? ಕೂತ್ಕೊಳ್ಳಿ.”

ನಮ್ಮಲ್ಲಿ ವೈನು ಬೇಡವೆಂದವರುಂಟು, ಬಡಿಸಿದ ಸೂಪನ್ನು ಬೇಡವೆಂದವರಿಲ್ಲ. ಎಲೆಕೋಸು, ಹಂದಿಮಾಂಸ, ನೆನೆದ ರೊಟ್ಟಿಗಳ ನಡುವೆ ಚಮಚಗಳು ಆಡಿದವು. ತಳ ಕಾಣುತ್ತಲೇ ಅವಳು ಯಾರನ್ನೂ ಕೇಳದೆ ಪ್ರತಿ ಬೋಗುಣಿಗೂ ಸುರಿಯುತ್ತ ಹೋದಳು, ಒಂದು ಹನಿಯೂ ಬೆರಕೆಯಿಲ್ಲದ ಅದೇ ವೈನನ್ನು. ಬಾಲ್ಯದಿಂದ ಬಂದ ಅಭ್ಯಾಸ ಬಿಟ್ಟೀತೆ? ಎಲ್ಲ ಕೈಗಳೂ ತಾವಾಗಿಯೇ ಬೋಗುಣಿಗಳನ್ನು ಎತ್ತಿದವು.

“ಈಗ ಉಗುಳಿ, ನೋಡೋಣ!”

ಯಾರೂ ಉಗುಳಲಿಲ್ಲ. ತೆಸ್ಸೆದ್ರ್ ಮೀಸೆ ಒರಸಿಕೊಂಡು, ತಾನೆಲ್ಲಿದ್ದೇನೆಂಬುದನ್ನೇ ಮರೆತು, ಬೋಗುಣಿಯನ್ನು ಮತ್ತೆ ಚಾಚಿದ. ಜೆಲಿಯಮ್ಮ ಮತ್ತೆ ಸುರಿದಳು. ಆಮೇಲೆ ಶಾಸ್ತ್ರಕ್ಕೆ ಲೋಟ ಬಂತು, ಉಗುಳುವ ಪಾತ್ರೆ ಬಂತು, ತೀರ್ಪೂ ಬಂತು: ಒರಟು. “ನಾನು ಒಪ್ಪಲ್ಲ” ಎಂದವನು ರೆಜಿಸ್ ಒಬ್ಬನೇ.

ಆ ವರ್ಷದ ಬಾಟಲಿಗಳ ಮೇಲೆ ಕಣಿವೆಯ ಹೆಸರಿರಬೇಕಾದ ಜಾಗದಲ್ಲಿ ಜೆಲಿಯಮ್ಮ ದಪ್ಪಕ್ಷರದಲ್ಲಿ ಬರೆದಳು: ‘ಒರಟು’. “ಅವರೇ ಇಟ್ಟ ಹೆಸರು. ಏನೀಗ?” ಪೇಟೆ ಕೊಳ್ಳಲಿಲ್ಲ, ಬಹುಪಾಲು ನೆಲಮಾಳಿಗೆಯಲ್ಲೇ ಉಳಿಯಿತು. ಒಂದು ಬಳ್ಳಿಯನ್ನೂ ಅವಳು ಕೀಳಲಿಲ್ಲ. ಆ ವೈನನ್ನು ನಾನು ಕುಡಿದಿದ್ದೇನೆ: ಮೊದಲು ಕಾಡುಹಣ್ಣು, ಆಮೇಲೆ ಕರಿಮೆಣಸು, ಕಡೆಗೆ ನಾಲಗೆ ಕಚ್ಚಿಕೊಂಡಾಗಿನ ನೆತ್ತರಿನ ರುಚಿ. ಅದಕ್ಕಿಂತ ಸೊಗಸಾದದ್ದು ನನ್ನ ಗಂಟಲಲ್ಲಿ ಇಳಿದಿಲ್ಲ.

ಬಗ್ಗದವರೆಲ್ಲ ಗೆಲ್ಲುತ್ತಾರೆಂದು ಹೇಳಿದರೆ ಸುಳ್ಳಾದೀತು, ಜೆಲಿಯಮ್ಮ ಗೆಲ್ಲಲಿಲ್ಲ. ಇಂಥವರನ್ನು ಊರು ಮೊಂಡರೆಂದು ಕರೆದು, ಅವರ ಬೆನ್ನ ಹಿಂದೆ ನಕ್ಕು, ಅವರೆದುರಿಗೆ ಮಾತ್ರ ಬೋಗುಣಿ ಚಾಚುತ್ತದೆ. ಆದರೂ ಯಾವುದಾದರೊಂದು ನೆಲಕ್ಕೆ ತನ್ನದೆಂಬ ರುಚಿಯೊಂದು ಇನ್ನೂ ಉಳಿದಿದ್ದರೆ, ಸೋತ ಮರುದಿನವೂ ‘ಏನೀಗ?’ ಎಂದು ಅದೇ ಬಳ್ಳಿಯ ಆರೈಕೆಗೆ ಹೋದ ಮೊಂಡರೊಬ್ಬರು ಅಲ್ಲಿ ಬಾಳಿದ್ದರೆಂದೇ ತಿಳಿಯಬೇಕು.