ಮೇಣದ ಮನೆಯ ಕಿರೀಟ

ಮೇಣದ ಬತ್ತಿ ಮಾಡುವ ಆ ಮನೆಯಲ್ಲಿ ಮಧ್ಯಾಹ್ನದ ಬೆಳಕಿಗೂ ಜೇನಿನ ಬಣ್ಣ. ಮರದ ಚೌಕಟ್ಟಿನಿಂದ ನೂಲುಗಳನ್ನು ಇಳಿಬಿಟ್ಟು, ಕರಗಿದ ಮೇಣವನ್ನು ಸೌಟಿನಿಂದ ಒಂದೊಂದರ ಮೇಲೂ ಸುರಿಯಬೇಕು. ಆರಿದ ಮೇಲೆ ಮತ್ತೆ ಸುರಿಯಬೇಕು. ಅವಸರ ಮಾಡಿದರೆ ಬತ್ತಿ ಡೊಂಕಾಗುತ್ತದೆ. ಹದಿಮೂರು ತುಂಬಿದ ಪುಟ್ಟಿ ಮೇಣ ಸುರಿಯುತ್ತಲೇ ಶಾಲೆಯ ಪಾಠ ಒಪ್ಪಿಸುತ್ತಿದ್ದಳು. ಒಳಕೋಣೆಯ ಮಂಚದ ಮೇಲೆ ತಾತ ಕಣ್ಣು ಮುಚ್ಚಿ ಕೇಳುತ್ತಿದ್ದರು. ನದಿಗಳ ಪಾಠ ಬಂದಾಗ ಮಂಚವೇ ದೋಣಿಯಾಗಿ ಮೆಲ್ಲನೆ ತೇಲಿದಂತೆ ಅವರಿಗೆ ಅನ್ನಿಸುತ್ತಿತ್ತು.

ವೈದ್ಯರು ತಲೆಯಾಡಿಸಿ ಹೋದ ದಿನ ಅಜ್ಜಿ ಮಗನನ್ನು ಕರೆದು ಹೇಳಿದಳು, "ನಿಮ್ಮಪ್ಪ ಕಣ್ಣು ಮುಚ್ಚೋದರೊಳಗೆ ಪುಟ್ಟಿ ತಲೆ ಮೇಲೆ ಕಿರೀಟ ನೋಡಲಿ."

ಅವರ ಆರ್ಥೊಡಾಕ್ಸ್ ಚರ್ಚಿನಲ್ಲಿ ಮದುವೆಯ ಹೊತ್ತಿಗೆ ವಧೂವರರ ತಲೆಗೆ ಕಿರೀಟ ಇಡುತ್ತಾರೆ. ಸಾಯುವ ಹಿರಿಯರು ಆ ಕಿರೀಟ ಕಂಡೇ ಹೋಗಬೇಕೆಂಬುದು ಆ ಓಣಿಯ ರೂಢಿ. ಮಂಚದ ಪಕ್ಕದಲ್ಲೇ ಮದುವೆ. ಹುಡುಗಿಯ ವಯಸ್ಸೆಷ್ಟೆಂದು ಯಾರೂ ಕೇಳುವುದಿಲ್ಲ. ಮಲಗಿದವರಿಗೆ ಉಸಿರೆಷ್ಟು ಉಳಿದಿದೆಯೆಂದು ಮಾತ್ರ ಕೇಳುತ್ತಾರೆ. ಎಲ್ಲವೂ ಪ್ರೀತಿಯ ಹೆಸರಿನಲ್ಲೇ ನಡೆಯುತ್ತದೆ. ಅದಕ್ಕೇ ಯಾರಿಗೂ ಅದು ಕ್ರೌರ್ಯವೆಂದು ಕಾಣುವುದಿಲ್ಲ.

ವರನೂ ಸಿಕ್ಕಿದ. ರೊಟ್ಟಿ ಅಂಗಡಿಯವನ ಹಿರಿಮಗ.

"ಅವನ ಗಡ್ಡ ಬೆಳ್ಳಗಿದೆಯಲ್ಲ ಅತ್ತೆ," ಎಂದಳು ಪುಟ್ಟಿಯ ತಾಯಿ.

"ಅದು ಹಿಟ್ಟು ಕಣೇ. ತೊಳೆದರೆ ಹೋಗುತ್ತೆ."

"ಎಷ್ಟು ತೊಳೆದರೂ ನಲವತ್ತು ಹೋಗಲ್ಲ."

ಅಜ್ಜಿ ಕೇಳಿಸದವಳಂತೆ ಬತ್ತಿ ಎಣಿಸತೊಡಗಿದಳು. ಪುಟ್ಟಿಯ ಪುಸ್ತಕಗಳು ಅಟ್ಟ ಸೇರಿದವು. ಅಂದಿನಿಂದ ಅವಳು ಪಾಠ ಒಪ್ಪಿಸಲಿಲ್ಲ. ಮನೆಯ ಬತ್ತಿಗಳೆಲ್ಲ ಡೊಂಕಾಗಿ ಬಂದವು.

ಇಷ್ಟು ಎಳೆಯವಳ ಮದುವೆಗೆ ಚರ್ಚಿನ ಬಿಷಪ್ಪರಾದ ಧರ್ಮಾಧ್ಯಕ್ಷರ ಅಪ್ಪಣೆ ಬೇಕಾಗಿತ್ತು. ಊರವರು ಅವರನ್ನು ಶಾಲೆಸ್ವಾಮಿ ಎನ್ನುತ್ತಿದ್ದರು. ತಮ್ಮ ದೊಡ್ಡ ನಿವಾಸವನ್ನು ದೂರದ ಹುಡುಗಿಯರ ಓದಿಗೆ ಬಿಟ್ಟುಕೊಟ್ಟು, ತಾವು ಉಗ್ರಾಣದಲ್ಲಿ ಮಲಗುತ್ತಿದ್ದವರು ಅವರು. "ಮದುವೆಯಾಗದೇ ನೂರು ಹೆಣ್ಣುಮಕ್ಕಳ ತಂದೆ" ಎಂದು ಜನ ನಗುತ್ತಿದ್ದರು, ಅವರೂ ನಗುತ್ತಿದ್ದರು. ಆ ನಗುವಿನ ಹಿಂದೆ ಒಂದು ಸಮಾಧಿಯಿತ್ತು. ಈ ತಾತನ ಒಬ್ಬಳೇ ಮಗಳಿಗೆ, ಹಿಂದೊಮ್ಮೆ, ತಾತನ ತಾಯಿಯ ಮಂಚದ ಪಕ್ಕದಲ್ಲಿ ಇಂಥದೇ ಕಿರೀಟ ಇಟ್ಟಿದ್ದರು. ಆ ಮುದುಕಿ ಚೇತರಿಸಿಕೊಂಡು ವರ್ಷಗಟ್ಟಲೆ ಬದುಕಿದಳು. ಹುಡುಗಿ ಮೊದಲ ಹೆರಿಗೆಯಲ್ಲೇ ಹೋದಳು. ಅವಳಿಗೆ ಅಕ್ಷರ ಕಲಿಸಿದ್ದವರೂ, ಮಣ್ಣು ಕೊಟ್ಟವರೂ ಆಗಿನ್ನೂ ಎಳೆಯ ಪಾದ್ರಿಯಾಗಿದ್ದ ಇವರೇ.

ಅಪ್ಪಣೆಯ ಮಾತು ಕೇಳಿ ಅವರು ತಾವೇ ಬಂದರು. ಜೊತೆಗೆ ಚರ್ಚಿನ ಪೂಜೆಯ ಉಡುಪಿನ ಪೆಟ್ಟಿಗೆ. ಅದನ್ನು ಕಂಡು ಅಜ್ಜಿಗೆ ಜೀವ ಬಂದಂತಾಯಿತು.

"ಸ್ವಾಮಿ, ಇವತ್ತೇ ಮುಗಿಸಿಬಿಡಿ."

"ಹುಡುಗಿ ಓದುತ್ತಿದ್ದಾಳಲ್ಲ, ತಾಯಿ."

"ಓದು ಎಲ್ಲಿಗೆ ಹೋಗುತ್ತೆ? ಹೋಗ್ತಿರೋರು ಇವರು."

"ಹೋಗುವವರಿಗೆ ಇರುವವಳನ್ನು ಕೊಟ್ಟು ಕಳಿಸಬೇಕೆ?"

"ನೀವು ಮಕ್ಕಳಿಲ್ಲದೋರು. ಮೊಮ್ಮಗಳ ಮದುವೆ ನೋಡೋ ಆಸೆ ನಿಮಗೆ ಹೇಗೆ ಗೊತ್ತಾಗಬೇಕು?"

ಅವರು ಮಂಚದ ಅಂಚಿನಲ್ಲಿ ಕೂತು ತಾತನ ಕೈ ಹಿಡಿದುಕೊಂಡರು. "ಏನಣ್ಣ, ನಿಮ್ಮ ಆಸೆ?"

"ಕಿರೀಟ ಇಟ್ಕೊಂಡಿರೋ ಪುಟ್ಟೀನ ಒಂದು ಸಲ ನೋಡ್ಬೇಕು," ಎಂದರು ತಾತ, ಕನಸಿನೊಳಗಿಂದ ಎಂಬಂತೆ.

"ಆಗಲಿ."

ಬಾಗಿಲ ಬಳಿ ನಿಂತಿದ್ದ ಪುಟ್ಟಿ ಒಂದು ಹೆಜ್ಜೆ ಹಿಂದೆ ಸರಿದಳು. ಧರ್ಮಾಧ್ಯಕ್ಷರು ಪೆಟ್ಟಿಗೆ ತೆರೆದು, ಪೂಜೆಯಲ್ಲಿ ತಾವೇ ಧರಿಸುವ ಕಿರೀಟ ತೆಗೆದರು: ಬಂಗಾರದ ಜರಿ, ಕಲ್ಲುಗಳು, ತುದಿಯಲ್ಲೊಂದು ಶಿಲುಬೆ. "ಸ್ವಾಮಿ, ಅದು ನಿಮ್ಮದು," ಎಂದು ಪುಟ್ಟಿಯ ತಂದೆ ತೊದಲಿದ. ಅವರು ಅದನ್ನು ಮೆಲ್ಲನೆ ಪುಟ್ಟಿಯ ತಲೆಯ ಮೇಲಿಟ್ಟು ಕೈ ತೆಗೆದರು.

ಕಿರೀಟ ಹುಬ್ಬಿನವರೆಗೆ ಜಾರಿತು. ಅವಳ ಕತ್ತು ಎಳೆಯ ಬಳ್ಳಿಯಂತೆ ಒಂದು ಪಕ್ಕಕ್ಕೆ ವಾಲಿತು. ಬೀಳಿಸಿಬಿಟ್ಟರೇನು ಗತಿಯೆಂದು ಅವಳು ಎರಡೂ ಕೈಯಿಂದ ಹಿಡಿದುಕೊಂಡು ನಿಂತಳು. ಮೇಣದ ಕೊಪ್ಪರಿಗೆಯ ಆವಿಯಲ್ಲಿ ಕೋಣೆಯೆಲ್ಲ ಮಂಜು ಮಂಜಾಗಿತ್ತು. ಆ ಮಂಜಿನೊಳಗೆ ತಾತನಿಗೆ ಎಂದೋ ಕಂಡ ಇನ್ನೊಂದು ಕತ್ತು ಕಂಡಿತು. ಅಂದು ಅದು ಹೀಗೇ ವಾಲಿತ್ತು. ಅಂದು ಎಲ್ಲರೂ ಕಿರೀಟವನ್ನು ಮಾತ್ರ ನೋಡಿದ್ದರು.

"ತೆಗೀರಿ," ಎಂದರು ತಾತ. "ಮಗೂಗೆ ಭಾರ ಆಗ್ತಿದೆ."

ಅಜ್ಜಿ ಏನೋ ಹೇಳಹೊರಟಳು. ತಾತ ಅವಳತ್ತ ತಿರುಗಿದರು. "ನಾನು ನೋಡಿದೆ ಕಣೇ. ಸಾಕು. ಹೋದ ನಮ್ಮ ಮಗಳೂ ಕಣ್ಣ ಮುಂದೆ ಬಂದಳು." ಅಜ್ಜಿ ಸೆರಗು ಬಾಯಿಗೆ ಒತ್ತಿಕೊಂಡು ಗೋಡೆಗೆ ಒರಗಿದಳು. ಇಷ್ಟು ವರ್ಷ ಆ ಮನೆಯಲ್ಲಿ ಯಾರೂ ಆ ಮಗಳ ಮಾತೆತ್ತಿರಲಿಲ್ಲ.

ಆಮೇಲೆ ಅಟ್ಟ ಹತ್ತಿ ಪುಸ್ತಕ ಇಳಿಸಿದವಳು ಅಜ್ಜಿಯೇ. ದೂಳು ಒರೆಸಿ ಮೊಮ್ಮಗಳ ಕೈಗೆ ಕೊಟ್ಟು, "ಅವರಿಗೆ ನದಿ ಪಾಠ ಇಷ್ಟ," ಎಂದಳು.

ಪುಟ್ಟಿ ಸೌಟು ಎತ್ತಿಕೊಂಡು ಶುರುಮಾಡಿದಳು. ನದಿ ಬೆಟ್ಟದಲ್ಲಿ ಹುಟ್ಟಿತು, ಕಾಡು ದಾಟಿತು, ಬಯಲಿಗೆ ಇಳಿಯಿತು. ಅದು ಕಡಲು ಸೇರುವ ಮೊದಲೇ ತಾತನ ಕೈ ಧರ್ಮಾಧ್ಯಕ್ಷರ ಕೈಯಲ್ಲಿ ತಣ್ಣಗಾಯಿತು. ಅವರು ಹುಡುಗಿ ಪಾಠ ಮುಗಿಸುವವರೆಗೂ ಆ ಕೈಯನ್ನು ಹಾಗೇ ಹಿಡಿದು ಕೂತಿದ್ದರು.

ತಾತನ ಸಮಾಧಿಯ ಮೇಲೆ ಹಚ್ಚಿದ ಬತ್ತಿಗಳಲ್ಲಿ ಒಂದೂ ಡೊಂಕಿರಲಿಲ್ಲ.